ಲಾವಂಚದ ಬದು

ಲಾವಂಚದಂಥ ಮರ್ಯಾದಸ್ಥ ಹುಲ್ಲು ಇನ್ನೊಂದಿಲ್ಲ. ನೆಟ್ಟಲ್ಲೇ ನಿಲ್ಲುತ್ತದೆ, ಪಕ್ಕದವರ ಗದ್ದೆಗೆ ಕಾಲಿಡುವುದಿಲ್ಲ, ನೀರಲ್ಲಿ ಮುಳುಗಿದರೂ ಕೊಳೆಯುವುದಿಲ್ಲ. ಅದಕ್ಕೇ ಅತ್ತಿವೇರಿ ಕಡೆಯ ಜೌಗು ಗದ್ದೆಗಳಲ್ಲಿ ಬದುವಿನ ಗುರುತಿಗೆ ಅದನ್ನು ನೆಡುತ್ತಾರೆ. ತಾನಾಗಿ ಅದು ಸರಿಯದು. ಸರಿಸಿದವನು ಚನಬಸಪ್ಪ.

ತೊಂಬತ್ತಾರರಲ್ಲಿ ದೀಪಾವಳಿ ಕಳೆದು ಅವನ ತಮ್ಮ ತೀರಿಕೊಂಡ. ತಮ್ಮನ ಹೆಂಡತಿ ಗುರುಸಿದ್ದವ್ವ ತೇರಗಾಂವದ ತವರಿಗೆ ಹೋಗಿ ಬರುವಷ್ಟರಲ್ಲಿ ಚನಬಸಪ್ಪ ಲಾವಂಚದ ಬುಡಗಳನ್ನು ಕಿತ್ತು, ಬೇರು ಕತ್ತರಿಸಿ, ಅವಳ ಗದ್ದೆಯೊಳಗೆ ಸಾಲಾಗಿ ನೆಟ್ಟುಬಿಟ್ಟಿದ್ದ. ಒರತೆಯಿದ್ದ ಪಟ್ಟಿ ಅವನ ಪಾಲಾಯಿತು. ಒರತೆ ಇಲ್ಲದಿದ್ದರೆ ಅವಳಿಗೆ ಭತ್ತವಿಲ್ಲ, ಭತ್ತವಿಲ್ಲದೆ ಆ ಊರಲ್ಲಿ ಬಾಳುವೆಯಿಲ್ಲ. ಎಲ್ಲ ಗೊತ್ತಿದ್ದೇ ಮಾಡಿದ, ಪುಣ್ಯಾತ್ಮ.

ಗುರುಸಿದ್ದವ್ವ ನೆಟ್ಟಗೆ ಊರ ಹಿರಿಯ ಗೂಳಪ್ಪನಲ್ಲಿಗೆ ಹೋದಳು. ಗೂಳಪ್ಪ ಜೀವಮಾನವೆಲ್ಲ ಕಿರಾಣಿ ಅಂಗಡಿಯಲ್ಲಿ ಕೂತವನು.

"ಬದು ಸರಿಸ್ಯಾರ್ರಿ. ಬುಡ ಅಗಿಸಿ ನೋಡ್ರಿ. ಹಳೇದಿದ್ರ ಬೇರು ಆಳಕ್ಕ ಇಳದಿರತಾವು, ಈಗ ನೆಟ್ಟಿದ್ದಾದ್ರ ಗೇಣೂ ಇರೂದಿಲ್ಲ. ಬೇರು ಹೇಳಿದಂಗ ನಾ ಕೇಳ್ತೇನಿ" ಎಂದಳು.

ಗೂಳಪ್ಪ ಚನಬಸಪ್ಪನನ್ನು ಕರೆಸಿ ಕೇಳಿದ. ಅವನು ದನಿ ಮೆತ್ತಗೆ ಮಾಡಿಕೊಂಡು, "ಅಗಸೂಣ್ರಿ. ಆದ್ರ ತಮ್ಮ ಸತ್ತ ವರ್ಷ ಅವನ ನೆಲ ಅಗಿಯೂದು ಬ್ಯಾಡ. ವರ್ಷದ ಪುಣ್ಯತಿಥಿ ಮುಗೀಲಿ" ಎಂದ.

ಗುರುಸಿದ್ದವ್ವ ಒಪ್ಪಿದಳು. ತೇರಗಾಂವದ ಗಟ್ಟಿ ನೆಲದಲ್ಲಿ ಅಪ್ಪ ನೆಟ್ಟ ಲಾವಂಚ ಆಳಕ್ಕಿಳಿಯುವಷ್ಟರಲ್ಲಿ ಅವಳ ಬಾಲ್ಯವೇ ಮುಗಿದಿತ್ತು. ಒಂದು ವರ್ಷದಲ್ಲಿ ಏನಾದೀತು? ಬುಡಕ್ಕೆ ನೀರು, ಎಲೆಗೆ ಬಿಸಿಲು ಸಿಕ್ಕರೆ ಜೌಗಿನ ಮೆತ್ತನೆ ಮಣ್ಣಲ್ಲಿ ಅದರ ಬೇರು ಒಂದೇ ಮಳೆಗಾಲಕ್ಕೆ ಆಳುದ್ದ ಇಳಿಯುತ್ತದೆಂದು ಅವಳಿಗೆ ಯಾರೂ ಹೇಳಲಿಲ್ಲ. ಗೊತ್ತಿದ್ದವರು ಚನಬಸಪ್ಪನ ಟ್ರ್ಯಾಕ್ಟರ್ ನೆನೆದು ಬಾಯಿ ಮುಚ್ಚಿಕೊಂಡರು. ಯಾರಾದರೂ ಸಾಕ್ಷಿ ಹಾಳುಮಾಡಿಯಾರೆಂದು ಆ ಹುಚ್ಚಿ ವರ್ಷವಿಡೀ ದನ ಅಟ್ಟಿ, ಮುಳ್ಳು ಹಚ್ಚಿ ಲಾವಂಚವನ್ನು ಕಾದಳು. ಚನಬಸಪ್ಪ ಕಟ್ಟೆಯ ಮೇಲೆ ಎಲೆಯಡಿಕೆ ಹಾಕಿಕೊಂಡು ಅದನ್ನು ನೋಡುತ್ತಿದ್ದ. ಆಳಿನ ಖರ್ಚು ಉಳಿಯಿತು ಅಂದುಕೊಂಡ.

ಪುಣ್ಯತಿಥಿಯ ಮರುದಿನ ಊರವರ ಮುಂದೆ ಅಗಿದರು. ಗುಂಡಿ ಮೊಣಕಾಲುದ್ದ ಆಯಿತು, ಸೊಂಟದುದ್ದ ಆಯಿತು. ಬೇರು ಇನ್ನೂ ಕೆಳಗೆ ಹೋಗಿತ್ತು. ಗುರುಸಿದ್ದವ್ವ ತಾನೇ ಗುಂಡಿಗಿಳಿದು, ಒಸರುವ ನೀರಿನಲ್ಲಿ ಕೈಯಾಡಿಸಿ ತುದಿ ಹುಡುಕಿದಳು. ಸಿಗಲಿಲ್ಲ.

"ಬೇರು ಹೇಳೇತಲ್ಲವಾ" ಎಂದ ಗೂಳಪ್ಪ.

ಅವಳು ಮೇಲೆ ಬಂದು, ಕೆಸರುಗೈಯಲ್ಲೇ ಚನಬಸಪ್ಪನ ಕಾಲು ಮುಟ್ಟಿದಳು. "ಅವ್ರು ಹೋದಾಗಿಂದ ನನ್ನ ತಲಿ ನೆಟ್ಟಗಿಲ್ರಿ ಭಾವಾರ. ಬದು ಎಲ್ಲಿತ್ತಂತ ನನಗ ನೆನಪ ತಪ್ಪೇತಿ. ದೇವರಂಥಾವ್ರ ಮ್ಯಾಲ ಅಪವಾದ ಹೊರಿಸಿದೆ, ಹೊಟ್ಟ್ಯಾಗ ಹಾಕ್ಕೋರಿ."

ನಿಜ ಹೇಳಲು ಅವನಿಗೆ ಆಗೊಂದು ಗಳಿಗೆ ಸಿಕ್ಕಿತ್ತು. ಅವನಿಗೆ ಆ ಗಳಿಗೆ ಬಲು ರುಚಿಯಾಗಿತ್ತು, ಅಷ್ಟೇ.

"ಇರ್ಲಿ, ಏಳ ತಂಗಿ. ನಾಳಿಂದ ನಮ್ಮ ಗದ್ದಿ ಕೊಯ್ಲಿಗೆ ಬಾ. ಎಲ್ಲಾರಿಗೂ ಕೊಟ್ಟಂಗ ಕೂಲಿ ಕೊಡ್ತೇನಿ."

ಎಂಥ ದೊಡ್ಡ ಮನಸ್ಸು ಎಂದಿತು ಊರು. ಮರುದಿನ ಗುರುಸಿದ್ದವ್ವ ಎಲ್ಲರಿಗಿಂತ ಮೊದಲು ಕುಡುಗೋಲು ಹಿಡಿದು ಬಂದು, ಒರತೆಯ ಪಟ್ಟಿಯಲ್ಲಿ, ತನ್ನದೇ ನೆಲದಲ್ಲಿ, ಕೂಲಿಗೆ ಬಗ್ಗಿದಳು.