ಮಾಲವ್ವ ನುಂಗಿದ ಮಾತು

ದಾಂಡೇಲಿಯ ಕಾಗದ ಕಾರ್ಖಾನೆಯ ಹಿಂದಿನ ಓಣಿಯಲ್ಲಿ ಮಕ್ಕಳಿಗೆ ದೃಷ್ಟಿಯಾದರೆ ಎಲ್ಲರೂ ಮಾಲವ್ವನ ಮನೆಗೆ ಬರುತ್ತಿದ್ದರು. ಉಪ್ಪು, ಒಣಮೆಣಸಿನಕಾಯಿ, ಕಸಬರಿಗೆಯ ನಾಲ್ಕು ಕಡ್ಡಿ ಹಿಡಿದು ಮಗುವಿನ ಮುಖದ ಮುಂದೆ ಇಳಿಸಿ, ತುಟಿಯೊಳಗೇ ಏನೋ ಹೇಳಿ ಒಲೆಗೆ ಹಾಕುತ್ತಿದ್ದಳು. ಮಗು ಅಳು ನಿಲ್ಲಿಸುತ್ತಿತ್ತು. ಹೋದ ಶ್ರಾವಣದಲ್ಲಿ ಲಕ್ವಾ ಹೊಡೆದು ಅವಳ ಬಲಗೈಯೂ ಮಾತೂ ಒಟ್ಟಿಗೇ ಹೋದವು.

ಸೊಸೆ ವಿದ್ಯಾವತಿಗೆ ಆ ಮಂತ್ರ ಬರುತ್ತಿರಲಿಲ್ಲ. ಮನೆಯಲ್ಲೇ ಮಷಿನ್ ಇಟ್ಟುಕೊಂಡು ರವಿಕೆ ಹೊಲಿಯುವವಳು ಅವಳು. ಮದುವೆಯಾಗಿ ಹದಿನಾಲ್ಕು ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ಮಂತ್ರ ಹೇಳಿಕೊಡಿ ಎಂದು ಎಷ್ಟೋ ಸಲ ಕೇಳಿದ್ದಳು. ಮಾಲವ್ವ ಪ್ರತಿ ಸಲವೂ "ನಿನಗ್ಯಾಕ ಬೇಕ ಅದು" ಎಂದು ಮಾತು ತೇಲಿಸಿದ್ದಳು.

ಲಕ್ವಾ ಹೊಡೆದ ಸುದ್ದಿ ಗೊತ್ತಿದ್ದೂ ಜನ ಬರುವುದು ನಿಲ್ಲಲಿಲ್ಲ. ಒಂದು ಬೆಳಿಗ್ಗೆ ಎದುರುಮನೆಯ ಯಲ್ಲವ್ವ ಎಂಟು ತಿಂಗಳ ಮೊಮ್ಮಗಳನ್ನು ಎತ್ತಿಕೊಂಡು ಬಂದಳು. ಮಾಲವ್ವ ಎಡಗೈಯಲ್ಲಿ ಉಪ್ಪು ಹಿಡಿಯಲು ಹೋದಳು. ರೂಢಿಯಿಲ್ಲದ ಕೈಯಿಂದ ಎಲ್ಲ ನೆಲಕ್ಕೆ ಚೆಲ್ಲಿತು. ವಿದ್ಯಾವತಿ ಬಗ್ಗಿ ಬೇರೆ ಉಪ್ಪು ತೆಗೆದುಕೊಂಡು ಮಗುವಿನ ಕಡೆ ಕೈ ಚಾಚಿದಳು.

ಯಲ್ಲವ್ವ ಒಂದು ಹೆಜ್ಜೆ ಹಿಂದೆ ಸರಿದು ಸೆರಗಿನಿಂದ ಮಗುವಿನ ಮುಖ ಮುಚ್ಚಿದಳು. "ನೀ ಬ್ಯಾಡ ಬಿಡವಾ," ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ. ಅದಕ್ಕೇ ಅದು ಹೆಚ್ಚು ನಾಟಿತು.

ಅಂದು ಮಧ್ಯಾಹ್ನ ಹಳಿಯಾಳ ರಸ್ತೆಯ ಊರೊಂದರಿಂದ ಕಾತರಿನಾ ರವಿಕೆ ಒಯ್ಯಲು ಬಂದಳು. ಸಿದ್ದಿ ಜನಾಂಗದ, ಅರವತ್ತು ದಾಟಿದ ಹೆಂಗಸು. ತನ್ನೂರಲ್ಲಿ ಅವಳೂ ದೃಷ್ಟಿ ತೆಗೆಯುತ್ತಾಳೆಂದು ವಿದ್ಯಾವತಿಗೆ ಗೊತ್ತಿತ್ತು.

"ಮೌಶಿ, ನನಗ ಕಲಿಸ್ತೀರೇನು?"

ಕಾತರಿನಾ ಅವಳ ಕೆಂಪಾದ ಕಣ್ಣು ನೋಡಿದಳು. "ಆಯ್ತವಾರ ಚರ್ಚಿನ ಪೂಜಿ ಮುಗಿಸಿ ಬಂದಿರ್ತೇನಿ. ಬಾ," ಎಂದಳು.

ಗಂಡ ವೀರೇಶ ನಕ್ಕ. "ಮಾಟಗಾತಿ ಆಗಾಕ ಹೊಂಟಿಯೇನು?" ಆದರೂ ಭಾನುವಾರ ಅವನೇ ಬೈಕಿನಲ್ಲಿ ಬಿಟ್ಟುಬಂದ.

ಕಾತರಿನಾಳ ಮನೆಯ ಗೋಡೆಯಲ್ಲಿ ಶಿಲುಬೆ, ಅದರ ಕೆಳಗಿನ ಮೂಲೆಯಲ್ಲಿ ಹಿರಿಯರ ಹೆಸರಿನಲ್ಲಿಟ್ಟ ತೆಂಗಿನಕಾಯಿ ಇತ್ತು. ಅವಳು ಎರಡಕ್ಕೂ ಕೈಮುಗಿದು, ಕೊಂಕಣಿಯಲ್ಲಿ ಪ್ರಾರ್ಥನೆ ಹೇಳುತ್ತ ನೆರೆಮನೆಯ ಹುಡುಗಿಗೆ ಉಪ್ಪು ಇಳಿಸಿದಳು. ವಿದ್ಯಾವತಿ ಒಂದು ಮಾತನ್ನೂ ಬಿಡದೆ ಬರೆದುಕೊಳ್ಳಲು ಹೊರಟಾಗ ಕಾತರಿನಾ ತಡೆದಳು.

"ಇದು ನಮ್ಮ ಮಾತು. ಬರಕೊಂಡ ಹೋದ್ರ ನಿನ್ನ ಬಾಯಾಗ ಕುಂದ್ರೂದಿಲ್ಲ. ಕೈ ನೋಡು. ಎಷ್ಟ ಸಾವಕಾಶ ಇಳಿಸ್ತೇನಿ ನೋಡು."

"ನನ್ನ ಕೈ ಮಕ್ಕಳಿಗೆ ಆಗಿ ಬರೂದಿಲ್ಲಂತ, ಮೌಶಿ."

"ಯಾರಂದ್ರು? ನನಗೂ ಮಕ್ಕಳಿಲ್ಲ. ಈ ಓಣ್ಯಾಗ ನನ್ನ ಕೈ ತಾಗದ ಕೂಸು ತೋರಸು."

ವಿದ್ಯಾವತಿ ಮತ್ತೆ ಮತ್ತೆ ಹೋದಳು. ಒಮ್ಮೆ ಕಾತರಿನಾ ಅವಳನ್ನು ಮುಂಡಗೋಡಿಗೆ ಕರೆದೊಯ್ದಳು. ಅಲ್ಲಿನ ಟಿಬೆಟಿಯನ್ನರ ಕ್ಯಾಂಪಿನಲ್ಲಿ ಗೋವಿನಜೋಳ ಮುರಿಯುವ ಕೂಲಿಗೆ ಹೋಗುತ್ತಿದ್ದ ಅವಳಿಗೆ ಅಲ್ಲಿಯವರ ಹಳೆಯ ಪರಿಚಯ. ಪೇಮಾ ಎಂಬ ಅಂಗಡಿಯಾಕೆ ತನ್ನ ಮುದಿ ಅತ್ತೆಯ ಹತ್ತಿರ ಕೂರಿಸಿ, ಅತ್ತೆಯ ಮಾತನ್ನು ಕನ್ನಡದಲ್ಲಿ ಹೇಳುತ್ತ ಹೋದಳು. ಮುದುಕಿ ಹುರಿದ ಹಿಟ್ಟು ಕಲಸಿ ಒಂದು ಉಂಡೆ ಮಾಡಿದಳು. ರೋಗಿಯ ಮೈಗೆ ಅದನ್ನು ಒತ್ತಿದರೆ ಕೆಟ್ಟದ್ದೆಲ್ಲ ಹಿಟ್ಟಿಗೆ ಇಳಿಯುತ್ತದಂತೆ. ಆಮೇಲೆ ಮೂರು ದಾರಿ ಕೂಡುವಲ್ಲಿ ಇಟ್ಟು ತಿರುಗಿ ನೋಡದೆ ಬರಬೇಕು.

"ಯಾರಿಗೆ ಹುಷಾರಿಲ್ಲ ಅಂತ ಕೇಳ್ತಾರೆ," ಎಂದಳು ಪೇಮಾ.

"ಯಾರಿಗೂ ಇಲ್ಲ. ಕಲಿಯಾಕ ಬಂದೇನಿ."

ಮುದುಕಿ ಅವಳನ್ನು ದಿಟ್ಟಿಸಿ ನೋಡಿದಳು. ಆಮೇಲೆ ಉಂಡೆಯನ್ನು ವಿದ್ಯಾವತಿಯ ಹಣೆಗೆ, ಭುಜಕ್ಕೆ, ಹೊಟ್ಟೆಗೆ, ಎರಡೂ ಅಂಗೈಗೆ ಒಂದೊಂದಾಗಿ ಒತ್ತಿದಳು. ವಿದ್ಯಾವತಿ ತನ್ನ ಅಂಗೈ ನೋಡಿಕೊಂಡಳು. ಇಷ್ಟು ವರ್ಷ ಬೇರೆಯವರ ಮಕ್ಕಳ ಮೇಲೆ ತನ್ನ ಕಣ್ಣು ಬೀಳದಂತೆ ಜನ ಕಾದಿದ್ದರು. ತನಗೂ ದೃಷ್ಟಿ ತಾಗಿರಬಹುದು ಎಂದು ಯಾರೂ ಅಂದುಕೊಂಡಿರಲಿಲ್ಲ, ಅವಳೂ ಅಂದುಕೊಂಡಿರಲಿಲ್ಲ. ಅತ್ತಳು. ಮುದುಕಿ ಕೈ ನಿಲ್ಲಿಸಲಿಲ್ಲ. ಕಾತರಿನಾ ಹೊರಗೆ ನೋಡುತ್ತ ಕೂತಳು.

ಪಕ್ಕದ ಓಣಿಯ ರಹಮತಬೀಯ ಹತ್ತಿರವೂ ಹೋದಳು. ನೀರಿನ ಮೇಲೆ ಓದಿ ಊದಿಕೊಡುವವಳು ಆಕೆ. ತನ್ನ ದುವಾ ಕಲಿಸಲಿಲ್ಲ. ಬದಲಿಗೆ ಮಕ್ಕಳ ಎದೆ ನೋಡುವುದನ್ನು ಕಲಿಸಿದಳು. "ಉಸಿರು ತಗೊಂಡಾಗ ಪಕ್ಕಡಿ ಒಳಗ ಎಳೀತಂದ್ರ ಅದು ನದರಲ್ಲ ಬೇಟಿ, ದೃಷ್ಟಿ ಅಲ್ಲ. ನಾ ಊದಂಗಿಲ್ಲ. ಮೊದಲ ದವಾಖಾನಿ ಅಂತೇನಿ."

ಪ್ರತಿ ಸಂಜೆ ವಿದ್ಯಾವತಿ ಕಲಿತುಬಂದದ್ದನ್ನು ಅತ್ತೆಯ ಮೇಲೇ ಮಾಡಿ ನೋಡುತ್ತಿದ್ದಳು. "ಹಿಂಗನ್ರಿ ಅತ್ತಿ?" ಎಂದು ಕೇಳುತ್ತಿದ್ದಳು. ಮಾಲವ್ವ ಅಲ್ಲವೆಂಬಂತೆ ತಲೆ ಅಲ್ಲಾಡಿಸುತ್ತಿದ್ದಳು. ಒಂದು ದಿನ ಉಪ್ಪನ್ನು ತೀರ ತಪ್ಪಾಗಿ ತಿರುಗಿಸಿದಾಗ ಮಾಲವ್ವನ ಮುಖ ಸಿಟ್ಟಿನಿಂದ ಕೆಂಪಾಗಿ, ಗಂಟಲಿಂದ ಸ್ಪಷ್ಟವಾಗಿ ಹೊರಬಿತ್ತು: "ಅಲ್ಲ."

ಐದು ತಿಂಗಳ ಮೇಲೆ ಬಂದ ಮೊದಲ ಮಾತು ಅದು. ದವಾಖಾನೆಯಲ್ಲಿ ಹೇಳಿಕೊಟ್ಟ ಮಾತಿನ ಅಭ್ಯಾಸಕ್ಕೆ ಅಲ್ಲಿಯವರೆಗೆ ಬಾಯಿ ತೆರೆಯದಿದ್ದ ಮಾಲವ್ವ ಮರುದಿನದಿಂದ ತಾನೇ ಕೂತಳು. ಒಂದೊಂದೇ ಮಾತು ಮರಳಿತು. ಯುಗಾದಿ ಹೊತ್ತಿಗೆ ಮಂತ್ರವೂ ತುಂಡು ತುಂಡಾಗಿ ಬಂತು.

"ಹೋದವರ ಕಣ್ಣ. ಬಂದವರ ಕಣ್ಣ. ಉಂಡವರ ಕಣ್ಣ. ಉಪವಾಸ ಇದ್ದವರ ಕಣ್ಣ." ಅಲ್ಲಿಗೆ ನಿಂತಳು.

"ಮುಂದ ಏನೈತ್ರಿ? ನೆನಪ ಹಾರೇತೇನು?"

ಮಾಲವ್ವ ಇಲ್ಲವೆಂದು ತಲೆ ಅಲ್ಲಾಡಿಸಿದಳು. ಕಣ್ಣಲ್ಲಿ ನೀರು ತುಂಬಿತು. "ಬಂಜಿ ಕಣ್ಣ," ಎಂದಳು ಕೊನೆಗೆ. "ಅದಕ್ಕ... ನಿನಗ... ಹೇಳಿದ್ದಿಲ್ಲ."

ವಿದ್ಯಾವತಿ ಸೆರಗಿನಿಂದ ಅತ್ತೆಯ ಕಣ್ಣು ಒರೆಸಿದಳು. ಹದಿನಾಲ್ಕು ವರ್ಷ ಅತ್ತೆ ತನ್ನನ್ನು ದೂರವಿಟ್ಟಿದ್ದಾಳೆ ಎಂದುಕೊಂಡಿದ್ದಳು. ಆದರೆ ಈ ಒಂದು ಮಾತು ಸೊಸೆಯ ಕಿವಿಗೆ ಬೀಳಬಾರದೆಂದು ಮುದುಕಿ ತುಟಿಯೊಳಗೇ ಮಂತ್ರ ಹೇಳುತ್ತಿದ್ದಳು.

"ಅದೊಂದ ಬಿಟ್ಟ ಹೇಳಿದ್ರ ನಡೀತೈತೇನ್ರಿ, ಅತ್ತಿ?"

ಮಾಲವ್ವ ಎಡಗೈಯಿಂದ ಅವಳ ಮೊಣಕೈ ಹಿಡಿದಳು. "ನೀ... ನಡಸು."

ವಾರದೊಳಗೆ ಯಲ್ಲವ್ವ ಮತ್ತೆ ಬಂದಳು. ಬಗಲಲ್ಲಿ ಅದೇ ಮೊಮ್ಮಗಳು, ಜೊತೆಗೆ ಹೆದರಿದ ಮಗಳು, ಮಗುವಿನ ತಾಯಿ ಕಸ್ತೂರಿ. ಮಾಲವ್ವನಿಗೆ ಮಾತು ಬಂದದ್ದು ಓಣಿಗೆಲ್ಲ ತಿಳಿದಿತ್ತು. ಮಗು ಅಳುತ್ತಲೂ ಇರಲಿಲ್ಲ, ಮಂಕಾಗಿತ್ತು. ವಿದ್ಯಾವತಿ ಕೇಳದೆಯೇ ಅದರ ಅಂಗಿ ಮೇಲೆತ್ತಿದಳು. ಪಕ್ಕೆ ಒಳಗೆಳೆಯುತ್ತಿತ್ತು.

"ಇದು ನದರಲ್ರಿ, ಯಲ್ಲವ್ವಕ್ಕಾ. ದವಾಖಾನಿಗೆ ಹೋಗೂಣು."

"ನಿನಗೇನ ತಿಳೀತೈತಿ ಕೂಸಿನ ಸುದ್ದಿ," ಎಂದಳು ಯಲ್ಲವ್ವ.

"ಇಷ್ಟ ತಿಳೀತೈತಿ," ಎಂದ ವಿದ್ಯಾವತಿ ಚಪ್ಪಲಿ ಮೆಟ್ಟಿ ಹೊರಗೆ ಹೋಗಿ ಆಟೋ ನಿಲ್ಲಿಸಿದಳು. ಯಲ್ಲವ್ವ ಮಾಲವ್ವನ ಕಡೆ ನೋಡಿದಳು. ಮಾಲವ್ವ ಬಾಗಿಲಿನತ್ತ ಕೈ ತೋರಿಸಿ, "ಹೋಗ್ರಿ," ಎಂದಳು.

ನ್ಯುಮೋನಿಯಾ ಆಗಿತ್ತು. ಸಮಯಕ್ಕೆ ತಂದಿರಿ ಎಂದರು ಡಾಕ್ಟರು. ಆರು ದಿನದ ಮೇಲೆ ಮಗು ಮನೆಗೆ ಬಂತು. ಅಂದೇ ಸಂಜೆ ಯಲ್ಲವ್ವ, ಕಸ್ತೂರಿ ಇಬ್ಬರೂ ಬಂದು ಮಗುವನ್ನು ವಿದ್ಯಾವತಿಯ ಎದುರು ಕೂರಿಸಿದರು.

"ಎಲ್ಲಾರ ಕಣ್ಣೂ ಬಿದ್ದಾವ ಅದರ ಮ್ಯಾಲ. ಇಳಿಸವಾ," ಎಂದಳು ಯಲ್ಲವ್ವ.

ವಿದ್ಯಾವತಿ ಉಪ್ಪು ಹಿಡಿದು, ಕಾತರಿನಾಳಷ್ಟು ನಿಧಾನವಾಗಿ ಕೈ ಇಳಿಸುತ್ತ, ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಮಂತ್ರ ಹೇಳಿದಳು. ಯಲ್ಲವ್ವ ಗಮನವಿಟ್ಟು ಕೇಳಿದಳು.

"ನಮ್ಮವ್ವನೂ ಇದನ್ನ ಹೇಳತಿದ್ದಳು. ಒಂದ ಸಾಲ ಬಿಟ್ಟಿ."

"ಬಿಟ್ಟೇನಿ."

ಯಲ್ಲವ್ವ ಸೆರಗು ಸರಿಮಾಡಿಕೊಂಡಳು. "ಛಲೋ ಮಾಡಿದಿ," ಎಂದಳು. ಮಗುವನ್ನು ಎತ್ತಿಕೊಳ್ಳುತ್ತ, "ನಮ್ಮ ಕಸ್ತೂರಿಗೂ ಕಲಿಸ್ತಿಯೇನು?" ಎಂದು ಕೇಳಿದಳು.

"ನಾನ ಇನ್ನೂ ಕಲಿಯಾಕತ್ತೇನ್ರಿ," ಎಂದಳು ವಿದ್ಯಾವತಿ. "ಆಯ್ತವಾರ ಕಾತರಿನಾ ಮೌಶಿ ಕಡೆ ಹೊಂಟೇನಿ. ಬರ್ಲಿ, ಕೂಡೇ ಹೋಗೂಣು."