ಸೋದರಮಾವನ ಗಾಡಿ

ಹಿಂದಿನ ಸೀಟಿನಲ್ಲಿ ಕೂತ ಗುಣಪಾಲ ಶೆಟ್ಟರು ಕಣ್ಣು ಮುಚ್ಚಿಕೊಂಡು, ಬೆನ್ನನ್ನು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಒತ್ತಿ ನೋಡಿದರು. ನೀಲಿ ಗಾಡಿ ಬ್ರಹ್ಮಾವರ ಪೇಟೆ ದಾಟಿ ಹೆದ್ದಾರಿಯಲ್ಲಿ ಓಡುತ್ತಿತ್ತು. ಸ್ಟೇರಿಂಗ್ ಹಿಡಿದವನು ಶೋರೂಮಿನ ಮಿಥುನ್. ಅವನ ಪಕ್ಕದಲ್ಲಿ ಶೆಟ್ಟರ ಹೆಂಡತಿ ಪ್ರಫುಲ್ಲಾ.

“ಈ ಸೀಟಿಂದ ತಂಪ್ ಗಾಳಿ ಬತ್ತಾ?” ಶೆಟ್ಟರು ಕಣ್ಣು ತೆರೆಯದೆ ಕೇಳಿದರು.

“ಎದ್ರಿನ್ ಸೀಟಿಗ್ ಬತ್ತ್ ಸರ್. ಹಿಂದೆ ಇಲ್ಲೆ.”

“ರತ್ನಾಕರನ ಗಾಡೀಲಿ ಹಿಂದೂ ಬತ್ತ್.”

ರತ್ನಾಕರ ಯಾರೆಂದು ಮಿಥುನ್‌ಗೆ ಗೊತ್ತಿರಲಿಲ್ಲ. ಹೊರಟಾಗಿನಿಂದ ಆ ಹೆಸರನ್ನು ಎಷ್ಟು ಸಲ ಕೇಳಿದ್ದನೆಂದರೆ, ಅದೂ ಒಂದು ಕಾರಿನ ಕಂಪನಿ ಇರಬೇಕೆಂದು ಅವನಿಗೆ ಅನುಮಾನ ಬರತೊಡಗಿತ್ತು.

ಪ್ರಫುಲ್ಲಾಳ ವಿಚಾರಣೆ ಬೇರೆ ದಾರಿಯದು. ಸರ್ವಿಸ್ಸಿಗೆ ಎಲ್ಲಿಗೆ ಹೋಗಬೇಕು, ಟಯರು ಎಷ್ಟು ವರ್ಷ ಬರುತ್ತದೆ, ಮುಂದೆ ಮಾರಿದರೆ ಯಾರಾದರೂ ತೆಗೆದುಕೊಳ್ಳುತ್ತಾರೋ ಇಲ್ಲವೋ. ಮಿಥುನ್ ಎಲ್ಲದಕ್ಕೂ ಹುರುಪಿನಿಂದ ಉತ್ತರ ಕೊಟ್ಟ. ಸರ್ವಿಸ್ಸು ಇಲ್ಲೇ ಉಡುಪಿಯಲ್ಲಿ, ಪೆಟ್ರೋಲು ಅರ್ಧಕ್ಕರ್ಧ ಉಳಿತಾಯ, ಮಾರಲು ಹೋದರೆ ಕೊಳ್ಳುವವರು ಮನೆಗೇ ಬರುತ್ತಾರೆ. ಪ್ರಫುಲ್ಲಾ ಹಿಂದಕ್ಕೆ ತಿರುಗಿದಳು.

“ಹ್ವಾಯ್, ಕೇಂಡ್ರ್ಯಾ? ಇದೇ ಸಾಕ್. ಮಂಗ್ಳೂರಂಗ್ ಕಂಡದ್ ಬಿಳಿ ಗಾಡಿ ಗಾಡಿ ಅಲ್ಲ, ಮನಿ ಅಳಿಯ. ವರ್ಷ ವರ್ಷ ಕೂರ್ಸಿ ಉಪಚಾರ ಮಾಡ್ತಾ ಇರ್ಕ್.”

ಅವಳು ಹೇಳಿದ್ದು ಸುಳ್ಳಲ್ಲ. ಹಿಂದಿನ ವಾರ ಮಂಗಳೂರಿನಲ್ಲಿ ಓಡಿಸಿ ನೋಡಿದ್ದ ಬಿಳಿ ಗಾಡಿಗೆ ಎಣ್ಣೆ ಬದಲಿಸಲೂ ಅಲ್ಲಿಗೇ ಹೋಗಬೇಕು, ಕನ್ನಡಿ ಒಡೆದರೆ ಹೊಸದು ಹೊರದೇಶದಿಂದ ಬರಬೇಕು. ಆದರೆ ಅದರ ಹಿಂದಿನ ಸೀಟಿನಲ್ಲಿ ತಂಪು ಗಾಳಿ ಬರುತ್ತಿತ್ತು. ಅಷ್ಟೇ ಅಲ್ಲ, ಗುಂಡಿ ಒತ್ತಿದರೆ ಸೀಟೇ ಬೆನ್ನು ತಿಕ್ಕುತ್ತಿತ್ತು. ಬೆನ್ನು ತಿಕ್ಕುವ ಸೀಟು ರತ್ನಾಕರನ ಗಾಡಿಯಲ್ಲಿರಲಿಲ್ಲ. ಶೆಟ್ಟರು ಇದನ್ನು ಎರಡೆರಡು ಸಲ ವಿಚಾರಿಸಿ ಖಾತ್ರಿ ಮಾಡಿಕೊಂಡಿದ್ದರು.

ರತ್ನಾಕರ ಅವರಿಗೆ ದಾಯಾದಿಯಲ್ಲ, ವೈರಿಯೂ ಅಲ್ಲ. ಶೆಟ್ಟರ ಅಕ್ಕ ಚೇತನಾಳ ಮೈದುನ. ಪುಣೆಯಲ್ಲಿ ಹೋಟೆಲು ನಡೆಸಿಕೊಂಡು, ಯಾರಿಗೂ ತೊಂದರೆ ಕೊಡದೆ ನಗುನಗುತ್ತಾ ಇದ್ದ ಮನುಷ್ಯ. ಅವನು ಮಾಡಿದ ತಪ್ಪು ಒಂದೇ. ಚೇತನಾಳ ಮಗಳು ಅನಿಷಾಳ ನಿಶ್ಚಿತಾರ್ಥಕ್ಕೆ ಹೊಸ ಕಪ್ಪು ಗಾಡಿಯಲ್ಲಿ ಬಂದಿಳಿದದ್ದು. ಅನಿಷಾ ಓಡಿಹೋಗಿ ಅದರೊಳಗೆ ಕೂತು, “ಮಾವ, ಇಲ್ಲ್ ಬನ್ನಿ! ಸೀಟಿಂದ ಗಾಳಿ ಬತ್ತ್ ಕಾಣಿ!” ಎಂದು ಕೂಗಿದ್ದಳು. ಶೆಟ್ಟರು ಹೋದರು. ಅವರಿಗೆ ಗಾಳಿಗಿಂತ ಮೊದಲು ಕಂಡದ್ದು ಅವಳ ಮುಖ.

ಶೆಟ್ಟರಿಗೆ ಮಕ್ಕಳಿಲ್ಲ. ಅನಿಷಾಳೇ ಎಲ್ಲ. ಶಾಲೆಗೆ ರಜೆ ಸಿಕ್ಕಿತೆಂದರೆ ಕೋಟೇಶ್ವರದಲ್ಲಿರುವ ಅವರ ಹೋಟೆಲಿನ ಗಲ್ಲಾದಲ್ಲಿ ಅವಳದೇ ದರ್ಬಾರು. ಅವಳ ಮುಖದಲ್ಲಿ ಅಷ್ಟು ಖುಷಿ ಬರುವುದಿದ್ದರೆ ಅದು ತನ್ನ ಕೈಯಿಂದಲೇ ಬರಬೇಕೆಂದು ಇಪ್ಪತ್ತೈದು ವರ್ಷ ಅಂದುಕೊಂಡು ಬಂದಿದ್ದವರು ಅವರು. ಅಂಥದ್ದರಲ್ಲಿ ಚೇತನಾ ಪಂಕ್ತಿಯ ನಡುವೆ ನಿಂತು ಎಲ್ಲರಿಗೂ ಕೇಳುವಂತೆ ಅಂದುಬಿಟ್ಟಳು: “ಮದಿ ದಿನ ಹೆಣ್ ರತ್ನಾಕರನ ಗಾಡೀಲೇ ಹೋಯ್ಲಿ. ಬೈಂದೂರ್ ತನಕ ಸೀರಿ ಮುದುಡೂದಿಲ್ಲೆ.” ಬೈಂದೂರು ಗಂಡಿನ ಮನೆ. ಆ ದಿನ ಶೆಟ್ಟರು ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದರು. ಹೊಟ್ಟೆಯುರಿ ಎಂದರೆ ಹೇಗಿರುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಾಯಿತು.

ಬ್ರಹ್ಮಾವರದಿಂದ ಮನೆಗೆ ಬಂದ ಮೇಲೂ ಪ್ರಫುಲ್ಲಾ ಬಿಡಲಿಲ್ಲ.

“ಸೋದರಮಾವ ನೀವಲ್ದಾ? ಹೆಣ್ಣಿನ್ ಕೈ ಹಿಡ್ದ್ ಮಂಟಪಕ್ ಕರ್ಕಂಡ್ ಬಪ್ಪುದ್ ನೀವೇ. ಅದನ್ ಯಾರಾರೂ ಕಸ್ಕಂತ್ರಾ? ಮತ್ತೆಂತಕ್ ಈ ಹಟ?”

“ಅದ್ ಹತ್ತ್ ಹೆಜ್ಜಿ,” ಎಂದರು ಶೆಟ್ಟರು. “ಗಾಡಿ ಬೈಂದೂರ್ ತನಕ ಹೋತ್ತ್.”

ಮರುದಿನವೇ ಮಂಗಳೂರಿಗೆ ಫೋನು ಮಾಡಿ ಬಿಳಿ ಗಾಡಿಯನ್ನು ಬುಕ್ ಮಾಡಿದರು. ಅಕ್ಕನಿಗೂ ಹೇಳಿದರು. “ಆಯ್ತ್ ಮಾರಾಯ, ನಿನ್ ಗಾಡೀಲೇ ಹೋಯ್ಲಿ,” ಎಂದು ಅವಳು ಒಪ್ಪಿದಳು. ರತ್ನಾಕರನೇ ಪುಣೆಯಿಂದ ಫೋನು ಮಾಡಿ, “ಒಳ್ಳೆದಾಯ್ತ್ ಭಾವ, ನಂಗೊಂದ್ ಡ್ರೈವರ್ ಕೆಲ್ಸ ತಪ್ತ್,” ಎಂದು ನಕ್ಕ. ಅವನು ಜಗಳ ಮಾಡಿದ್ದರೆ ಶೆಟ್ಟರಿಗೆ ಸಮಾಧಾನವಾಗುತ್ತಿತ್ತು. ಈ ನಗು ಅವರನ್ನು ಮತ್ತಷ್ಟು ಚುಚ್ಚಿತು.

ಗಾಡಿ ಕೈಗೆ ಬರುವಾಗ ಮದುವೆಯ ಹಿಂದಿನ ದಿನ ಸಂಜೆಯಾಗಿತ್ತು. ರಾತ್ರಿಯಿಡೀ ಶೆಟ್ಟರು ನಿದ್ರೆ ಮಾಡಲಿಲ್ಲ. ಎದ್ದೆದ್ದು ಹೋಗಿ ಅದರ ಬಾಗಿಲು ತೆಗೆದು ಹಾಕಿ ಬಂದರು. ಬೆಳಿಗ್ಗೆ ಸೀರೆ ಉಟ್ಟು ಹೊರಟುನಿಂತ ಪ್ರಫುಲ್ಲಾ, “ಪೂಜಿ ನಾಳಿಗ್ ಮಾಡ್ಸುವ, ಈಗ ಸೀದಾ ಮದಿ ಹಾಲಿಗ್ ಹೋಪ,” ಎಂದಳು.

“ಪೂಜಿ ಆಗ್ದಿದ್ ಗಾಡೀಲಿ ಮದುಮಗಳನ್ ಕೂರ್ಸುಕಾತ್ತಾ? ನೀ ರಿಕ್ಷಾದಲ್ಲ್ ಹೋಯ್ಕೊ. ಮುಹೂರ್ತ ಮಧ್ಯಾಹ್ನಕ್ಕಲ್ದಾ, ನಾ ಬತ್ತೆ.”

ಒಳ್ಳೆಯ ದಿನ ನೋಡಿಯೇ ಮದುವೆ ಇಟ್ಟದ್ದು. ಅದೇ ಒಳ್ಳೆಯ ದಿನಕ್ಕೆ ಊರವರ ಹೊಸ ಬೈಕು, ರಿಕ್ಷಾ, ಟೆಂಪೋಗಳೆಲ್ಲ ಹಟ್ಟಿಯಂಗಡಿ ದೇವಸ್ಥಾನದೆದುರು ಸಾಲು ನಿಂತಿದ್ದವು. ಶೆಟ್ಟರ ಪಾಳಿ ಬಂದು, ಕಾಯಿ ಒಡೆದು, ಚಕ್ರದಡಿಯ ಲಿಂಬೆಹಣ್ಣು ಪಚ್ಚೆಂದ ಮೇಲೆ ಅವರು ಹೆಮ್ಮಾಡಿಗೆ ಹೊರಟರು. ಅಲ್ಲಿ ಹೂ ಕಟ್ಟುವ ಕೊರಗ ಎನ್ನುವವನು ಸೇವಂತಿಗೆ ರಾಶಿ ಹಾಕಿಕೊಂಡು ಕಾಯುತ್ತಿದ್ದ. ಹೊತ್ತು ಇನ್ನೂ ಇತ್ತು. ಕೊರಗ ಮುಂದುಗಡೆಯಷ್ಟೇ ಸಿಂಗರಿಸಿ ಕೈ ಒರೆಸಿಕೊಂಡಾಗ ಶೆಟ್ಟರು ಅವನನ್ನು ತಡೆದರು.

“ನಾಲ್ಕೂ ಬದಿಗ್ ಕಟ್ಟ್. ಪುಣೆಯವ್ರ್ ಕಾಣ್ಕ್.”

“ಹಾಂಗಾರೆ ಒಳ್ಗ್ ಕೂಕಣಿ ಶೆಟ್ರೆ, ಬಿಸ್ಲಂಗ್ ಎಂತಕ್?”

ಶೆಟ್ಟರು ಒಳಗೆ ಕೂತರು. ಹಿಂದಿನ ಸೀಟಿನಲ್ಲೇ ಕೂತರು, ಅನಿಷಾಳಿಗೆ ಹೇಗಿರುತ್ತದೆಂದು ನೋಡೋಣ ಎಂದು. ಬಾಗಿಲು ಹಾಕಿದ್ದೇ ಹೆದ್ದಾರಿಯ ಬಸ್ಸು ಲಾರಿಗಳ ಸದ್ದೆಲ್ಲ ನಿಂತುಹೋಯಿತು. ಗುಂಡಿ ಒತ್ತಿದರು. ಸೀಟು ತಂಪು ಗಾಳಿ ಬಿಡುತ್ತಾ ಮೆಲ್ಲಗೆ ಬೆನ್ನು ತಿಕ್ಕತೊಡಗಿತು. ರತ್ನಾಕರ ಈ ಸೀಟಿನ ಮೇಲೆ ಕೈಯಾಡಿಸುವಾಗ ಅವನ ಮುಖ ಹೇಗಾಗಬಹುದೆಂದು ನೆನೆಯುತ್ತಾ ಹೋದರು. ನೆನೆಯುತ್ತಲೇ ಕಣ್ಣೆವೆ ಭಾರವಾಯಿತು.

ಎಚ್ಚರವಾದಾಗ ಬಿಸಿಲು ಗಾಡಿಯ ಇನ್ನೊಂದು ಬದಿಗೆ ತಿರುಗಿತ್ತು. ನಾಲ್ಕೂ ಕಡೆ ಹೂವು ತುಂಬಿ ಹೊರಗಿನದು ಸರಿಯಾಗಿ ಕಾಣುತ್ತಲೂ ಇರಲಿಲ್ಲ. ಬಾಗಿಲು ದೂಡಿ ಇಳಿದರೆ ಕೊರಗ ಎದುರಿನ ಅಂಗಡಿಯಲ್ಲಿ ಚಾ ಕುಡಿಯುತ್ತಿದ್ದ.

“ಏಳ್ಸುಕಾಗ್ದಾ ಮಾರಾಯ?”

“ಲಾಯ್ಕ್ ನಿದ್ರಿ ಹಿಡ್ದಿತ್. ಹಾಳ್ ಮಾಡುದ್ ಎಂತಕ್ ಅಂದೇಳಿ…” ಕೊರಗ ಲೋಟ ಹಿಡಿದುಕೊಂಡೇ ಎದ್ದು ನಿಂತ.

ದೇವಸ್ಥಾನದಲ್ಲಿ ಸದ್ದು ತೆಗೆದಿಟ್ಟಿದ್ದ ಫೋನು ಜೇಬಿನಲ್ಲಿ ಹಾಗೇ ಇತ್ತು. ಅದನ್ನು ತೆಗೆದು ನೋಡಿದ ಶೆಟ್ಟರು, ಎತ್ತದೆ ಉಳಿದ ಕರೆಗಳ ಸಾಲು ಕಂಡದ್ದೇ ಓಡಿಹೋಗಿ ಸ್ಟೇರಿಂಗ್ ಹಿಡಿದರು.

ಕುಂದಾಪುರದ ಮದುವೆ ಹಾಲಿನ ಮೆಟ್ಟಿಲು ಹತ್ತುವಾಗ ವಾಲಗ ಕೇಳಲಿಲ್ಲ. ಮಂಟಪದೆದುರಿನ ಕುರ್ಚಿಗಳು ಖಾಲಿ. ಜನರೆಲ್ಲ ಊಟದ ಹಾಲಿನ ಬಾಗಿಲಲ್ಲಿ ಒತ್ತುತ್ತಿದ್ದರು. ನೆಲದ ಮೇಲೆ ಸೇಸೆಯ ಅಕ್ಕಿ ಚೆಲ್ಲಾಡಿತ್ತು. ಪ್ರಫುಲ್ಲಾ ಗಂಡನನ್ನು ಕಂಡದ್ದೇ ಮುಖ ತಿರುಗಿಸಿದಳು. ಹತ್ತಿರ ಬಂದವಳು ಚೇತನಾ.

“ಎಲ್ಲ್ ಸಾಯೂಕ್ ಹೋಯಿದ್ದೆ ನೀ? ಹೆಣ್ ರೂಮಿಂದ್ ಹೊರ್ಗ್ ಬಪ್ಪುಕೇ ಕೇಂಬುದಿಲ್ಲೆ. ಮಾವ ಬರ್ಲಿ, ಮಾವ ಬರ್ಲಿ ಅಂದೇಳಿ ಕೂಕಂಡಿತ್. ಮುಹೂರ್ತ ಮೀರತ್ತ್ ಅಂದೇಳಿ ಭಟ್ರ್ ಬೊಬ್ಬಿ. ಕಡಿಗ್ ರತ್ನಾಕರನೇ ಕೈ ಹಿಡ್ದ್ ಕರ್ಕಂಡ್ ಬಂದ.”

ರತ್ನಾಕರ ಅಲ್ಲೇ ನಿಂತಿದ್ದ. ಅಂಗಿ ಬೆವರಿನಲ್ಲಿ ತೊಯ್ದಿತ್ತು. “ಭಾವ, ನಾ ಎಷ್ಟೊತ್ ಕಾದೆ ಗೊತ್ತಿತ್ತಾ? ದಾರೀಲ್ ಎಂತಾರೂ ಆಯ್ತಾ ಅಂದೇಳಿ ಹೆದ್ರಿಕಿ ಆಯ್ತ್,” ಎಂದ. ಆಮೇಲೆ ಕಿಟಕಿಯಿಂದ ಹೊರಗೆ ಬಗ್ಗಿ ನೋಡಿ, “ಗಾಡಿ ಭಾರೀ ಲಾಯ್ಕಿತ್ತ್. ನಂದಕ್ಕಿಂತ ಲಾಯ್ಕ್,” ಎಂದ. ಮನಸ್ಸಿನಿಂದಲೇ ಅಂದ.

ಈ ಒಂದು ಮಾತು ಕೇಳುವುದಕ್ಕೆ ಶೆಟ್ಟರು ಏನೆಲ್ಲ ಮಾಡಿದ್ದರು! ಈಗ ಅದು ಅವರ ಕಿವಿಗೇ ಬೀಳಲಿಲ್ಲ. ಅವರು ರತ್ನಾಕರನ ಬಲಗೈಯನ್ನು ನೋಡುತ್ತಿದ್ದರು. ಗಾಡಿಯ ಮೇಲಿನ ಹೊಟ್ಟೆಕಿಚ್ಚಿಗೆ ಇನ್ನೊಂದು ಗಾಡಿಯನ್ನಾದರೂ ಕೊಳ್ಳಬಹುದಿತ್ತು. ಆ ಕೈಯ ಮೇಲೆ ಹುಟ್ಟಿದ ಹೊಟ್ಟೆಕಿಚ್ಚಿಗೆ ಏನು ಮಾಡಬೇಕೆಂದು ಅವರಿಗೆ ತಿಳಿಯಲಿಲ್ಲ.

“ಸೋದರಮಾವ ಬಂದ್ರಾ?” ಫೋಟೋದ ಕಿಟ್ಟ ಕ್ಯಾಮರಾ ಎತ್ತಿಕೊಂಡು ಬಂದ. “ಮದುಮಗಳನ್ ಕರ್ಕಂಡ್ ಬಪ್ಪುದ್ ಆಲ್ಬಮ್ಮಿಗ್ ಬೇಕೇ ಬೇಕ್. ಈಗ ಒಂದ್ಸಲ ನಡ್ದ್ ಬನ್ನಿ, ತೆಗಿತೆ.”

ಬೇಡ ಎನ್ನಲು ಶೆಟ್ಟರು ಬಾಯಿ ತೆರೆದರು. ಅಷ್ಟರಲ್ಲಿ ಅನಿಷಾ ಮಂಟಪದಿಂದ ಇಳಿದು ಬಂದು, “ಬನ್ನಿ ಮಾವ,” ಎಂದಳು. ಎಲ್ಲಿದ್ರಿ ಎಂದು ಕೇಳಲಿಲ್ಲ. ಸೀದಾ ರೂಮಿನ ಬಾಗಿಲಿಗೆ ಹೋಗಿ, ಆಗಷ್ಟೇ ಹೊರಬರುವವಳಂತೆ ನಿಂತು ಕೈ ಚಾಚಿದಳು. ಧಾರೆಯ ನೀರಿನಿಂದ ಕೈ ಇನ್ನೂ ಒದ್ದೆಯಾಗಿತ್ತು. ರತ್ನಾಕರ ಫೋಟೋಗೆ ಅಡ್ಡ ಬರುತ್ತಿದ್ದ ಎರಡು ಕುರ್ಚಿಗಳನ್ನು ಎತ್ತಿಕೊಂಡು ಗೋಡೆಯ ಬದಿಗೆ ಸರಿದ.

ಕಿಟ್ಟ ಕ್ಯಾಮರಾದಲ್ಲಿ ಕಣ್ಣಿಟ್ಟವನು ತಲೆಯೆತ್ತಿದ.

“ಅಕ್ಕ, ಕರಿಮಣಿ ಕಾಣ್ತಾ ಇತ್ತ್. ಸೆರಗಿನೊಳ್ಗ್ ಹಾಯ್ಕಣಿ. ಇನ್ನೂ ಕಟ್ಟಲಿಲ್ಲೆ ಅಂದೇಳಿ ಲೆಕ್ಕ.”

ಅನಿಷಾ ಕರಿಮಣಿಯನ್ನು ಸೆರಗಿನೊಳಗೆ ಸೇರಿಸಿದಳು. ಊಟದ ಹಾಲಿನಿಂದ ಬಡಿಸುವವರ ಗದ್ದಲ ಕೇಳುತ್ತಿತ್ತು.

“ಹಾಂ, ಈಗ ಬನ್ನಿ. ಮಾವ, ಚೂರ್ ನಗಾಡಿ.”

ಗುಣಪಾಲ ಶೆಟ್ಟರು ಸೋದರ ಸೊಸೆಯ ಕೈ ಹಿಡಿದು, ಖಾಲಿ ಕುರ್ಚಿಗಳ ನಡುವೆ ಮಂಟಪದ ಕಡೆಗೆ ನಡೆದರು. ಅನಿಷಾ ಇನ್ನೊಂದು ಕೈಯಲ್ಲಿ ಸೆರಗನ್ನು ಕೊರಳಿಗೆ ಒತ್ತಿ ಹಿಡಿದುಕೊಂಡಿದ್ದಳು.