ದುರ್ಗವ್ವ ಸುಮ್ಮನಿದ್ದ ಹಗಲು

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ಮಾಗಿಯಲ್ಲಿ, ಯರಗುಪ್ಪಿಯಲ್ಲಿ ದುರ್ಗವ್ವ ಎಂಬಾಕೆ ಇದ್ದಳು. ಅವಳ ಬಾಯಿಗೆ ಬಾಗಿಲೇ ಇರಲಿಲ್ಲ, ಇನ್ನು ಅಗಳಿ ಎಲ್ಲಿಂದ ಬರಬೇಕು? ಬಾಜು ಮನೆಯ ಮೆಹರುನಬಿ ತನ್ನ ಮೊಮ್ಮಗಳು ರುಬಿಯಾಳನ್ನು ನೋಡಲು ಗಂಡಿನವರು ಬರುವ ಸುದ್ದಿಯನ್ನು ಗುಟ್ಟಾಗಿ ಹೇಳಿದ್ದಳು. ದುರ್ಗವ್ವ ಅದನ್ನು ಹಿಟ್ಟಿನ ಗಿರಣಿಯ ತನಕ ಹಂಚಿ ಬಂದಳು. ಸುದ್ದಿ ಬೇರೆಯೇ ಬಣ್ಣ ಬಳಿದುಕೊಂಡು ಗಂಡಿನವರನ್ನು ಮುಟ್ಟಿತು. ಸಂಬಂಧ ಮುರಿಯಿತು.

ಈಗ ಅಣ್ಣಿಗೇರಿಯ ಸಂಬಂಧ ಕೂಡಿತ್ತು. ನಿಶ್ಚಯ ಯಾವ ದಿನ ಎಂಬುದನ್ನು ಮೆಹರುನಬಿ ಬಾಯಿಬಿಡಲಿಲ್ಲ.

"ನಾ ಎತ್ತಿ ಆಡಿಸಿದ ಕೂಸು. ನನ್ನ ಕರಿಯೂದಿಲ್ಲೇನ?" ಎಂದಳು ದುರ್ಗವ್ವ.

"ಒಂದ ದಿನ, ಹೊತ್ತ ಮೂಡಿದಾಗಿಂದ ಮುಳಗೂತನಕ ಸುಮ್ನಿದ್ದ ತೋರ್ಸು. ಕರೀತೀನಿ."

"ಅಷ್ಟ ಹೌದಲ್ಲೋ? ನಾಳೇನ!"

ಮರುದಿನ ಇಬ್ಬರೂ ತಿರಕಪ್ಪನ ಹೊಲಕ್ಕೆ ಮೆಣಸಿನಕಾಯಿ ಬಿಡಿಸಲು ಹೋದರು. ಸಾಲು ಹಿಡಿದ ಹೆಂಗಸರಿಗೆ ದಿನವೂ ದುರ್ಗವ್ವನೇ ಕಥೆ ಹೇಳುವವಳು. ಇಂದು ಅವಳ ಬಾಯಲ್ಲಿ ಸೆರಗಿತ್ತು.

"ಯಾಕಬೇ, ಹಲ್ಲ ನೋಯಾಕತ್ತಾವೇನ?" ಎಂದಳು ಲಕ್ಷ್ಮವ್ವ.

"ಹಲ್ಲಲ್ಲ, ನಾಲಿಗಿಗೆ ಸೂಟಿ ಕೊಟ್ಟಾಳ," ಎಂದು ಮೆಹರುನಬಿ ಪಂಥದ ಸಂಗತಿ ಹೇಳಿದಳು. ಸಾಲೆಲ್ಲ ನಕ್ಕಿತು.

ಮಧ್ಯಾಹ್ನದ ಬುತ್ತಿ ಮುಗಿದ ಮೇಲೆ ಬೇಸರ ತಾಳದೆ ಲಕ್ಷ್ಮವ್ವ ತಾನೇ ಕಥೆಗೆ ಕೈಹಾಕಿದಳು. ಆಮೆಯನ್ನು ಮದುವೆಯಾದ ರಾಜಕುಮಾರಿಯ ಕಥೆ, ದುರ್ಗವ್ವನಿಗೆ ಅವಳ ಅಜ್ಜಿ ಹೇಳಿದ್ದು. ಲಕ್ಷ್ಮವ್ವ ಎರಡನೆಯ ಮಾತಿಗೇ ಆಮೆಯನ್ನು ಕೊಂದಳು. ದುರ್ಗವ್ವನ ಕೈ ಗಿಡದ ಮೇಲೆಯೇ ನಿಂತಿತು. ಆಮೆ ಸಾಯುವುದಿಲ್ಲ! ಚಿಪ್ಪಿನೊಳಗೆ ರಾಜಕುಮಾರನಿದ್ದಾನೆ! ಅವಳು ಸೆರಗನ್ನು ಇನ್ನಷ್ಟು ಕಚ್ಚಿದಳು.

"ಆಮ್ಯಾಲೆ ರಾಜನ ಮಗಳು ಅತ್ತಳು," ಎಂದು ಲಕ್ಷ್ಮವ್ವ ಕಾದಳು. ಯಾರಾದರೂ ಹೂಂ ಎನ್ನದೆ ಆ ಸೀಮೆಯಲ್ಲಿ ಕಥೆ ಮುಂದಕ್ಕೆ ಹೆಜ್ಜೆ ಇಡುವುದಿಲ್ಲ. ಯಾರೂ ಎನ್ನಲಿಲ್ಲ. ಹುಟ್ಟಿನಿಂದ ಬಂದ ರೂಢಿ, ದುರ್ಗವ್ವನ ಗಂಟಲು ತಾನಾಗಿ "ಹೂಂ" ಎಂದಿತು.

"ಸೋತ್ಲು! ಮಾತಾಡಿದ್ಲು!" ಎಂದು ಸಾಲೆಲ್ಲ ಕೂಗಿತು.

ದುರ್ಗವ್ವನ ಮುಖ ಬಾಡಿತು. ಮೆಹರುನಬಿ ಉಡಿಯ ಕಾಯಿಗಳನ್ನು ಚೀಲಕ್ಕೆ ಸುರಿದು ಬಂದು ತೀರ್ಪು ಕೊಟ್ಟಳು. "ಹೂಂ ಅನ್ನೂದು ಕೇಳಾವ್ರ ಕೆಲಸ, ಮಾತಲ್ಲ. ಮುಂದ ಹೇಳವಾ ನೀ."

ಲಕ್ಷ್ಮವ್ವ ಮುಂದುವರಿಸಿದ ಕಥೆಯಲ್ಲಿ ರಾಜಕುಮಾರಿ ಒಂದು ಕಪ್ಪೆಯನ್ನು ಕಟ್ಟಿಕೊಂಡಳು. ದುರ್ಗವ್ವ ಅದಕ್ಕೂ ಹೂಂ ಎಂದಳು.

ಸೂರ್ಯ ಎರೆಹೊಲದ ಅಂಚಿಗೆ ಬಂದಾಗ ಮೆಹರುನಬಿ ಹತ್ತಿರ ಸರಿದು ಕಿವಿಯಲ್ಲಿ ಹೇಳಿದಳು: "ಶುಕ್ರವಾರ, ನಮಾಜ್ ಆದಮ್ಯಾಲೆ. ರುಬಿಯಾನ ಬಾಜೂಕ ನೀನ ಕುಂದರಬೇಕ."

"ಏನಂದ್ಲಬೇ ಆಕಿ? ಹೇಳವಾ!" ಲಕ್ಷ್ಮವ್ವ ಓಡಿ ಬಂದಳು.

ಇನ್ನೂ ಉಗುರಿನಷ್ಟು ಸೂರ್ಯ ಉಳಿದಿದ್ದ. ದುರ್ಗವ್ವ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅವನನ್ನೇ ನೋಡುತ್ತ ನಿಂತಳು. ಅವನು ಮುಳುಗಿದ. ಕೈ ಬಾಯಿಯ ಮೇಲೆಯೇ ಇತ್ತು.